ಅರ್ಧ ಬಿಲ್ಲೆ

ಕಾಗದವನ್ನು ಭಟ್ಟಿಯೊಳಗೆ ಇಟ್ಟರೆ ಸುಡುತ್ತದೆ. ಇದು ತಿಳಿಯಲು ಬಿ.ಕಾಂ. ಓದಬೇಕಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ನನಗೆ ಗೊತ್ತಿತ್ತು. ನಮ್ಮ ಯಜಮಾನರ ಬಾಮೈದ ಬಿ.ಕಾಂ. ಓದಿದ್ದ, ಅವನಿಗೆ ಗೊತ್ತಿರಲಿಲ್ಲ. ಹೋದ ಕ್ರಿಸ್‌ಮಸ್‌ಗೆ ಮುಂಚೆ ನಾಲ್ಕು ದಿನ ನಾನು ಪಟ್ಟ ಪಾಡು ಇಷ್ಟರಿಂದಲೇ ಶುರುವಾದದ್ದು. ಆದರೆ ತಪ್ಪೆಲ್ಲ ಅವನದೇ ಅಂತ ಬರೆದರೆ ಅದು ಸುಳ್ಳಾಗುತ್ತದೆ. ಅದನ್ನೂ ಹೇಳುತ್ತೇನೆ.

ಕೋಲಾರದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನಮ್ಮ ಬೇಕರಿ. ನಾನು ಭಟ್ಟಿಯ ಆಳು. ಭಟ್ಟಿ ಅಂದರೆ ಇಟ್ಟಿಗೆಯಲ್ಲಿ ಕಟ್ಟಿದ ದೊಡ್ಡ ಗೂಡು. ಎಂಟಡಿ ಉದ್ದ, ಆರಡಿ ಅಗಲ, ಮೇಲೆ ಕಮಾನು, ಮುಂದೆ ಒಂದೇ ಬಾಯಿ. ಸೌದೆಯನ್ನು ಒಳಗೇ ಉರಿಸಬೇಕು. ಕಮಾನಿನ ಇಟ್ಟಿಗೆಗೆ ಹಿಡಿದ ಮಸಿಯೆಲ್ಲ ಸುಟ್ಟು ಬೆಳ್ಳಗಾದ ಮೇಲೆ ಕೆಂಡ ಎಳೆದು ಹಾಕಿ, ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ನೆಲ ಒರೆಸಿ, ಬಾಯಿ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಒಳಗೆ ಬೆಂಕಿ ಇರುವುದಿಲ್ಲ, ಇಟ್ಟಿಗೆಯ ಕಾವು ಇರುತ್ತದೆ. ಮೊದಲ ಕಾವು ಬ್ರೆಡ್ಡಿಗೆ, ಸ್ವಲ್ಪ ಇಳಿದದ್ದು ಬನ್ನಿಗೆ, ಇನ್ನೂ ಇಳಿದದ್ದು ಕೇಕಿಗೆ. ಕಾವು ಅಳೆಯಲು ನಮ್ಮಲ್ಲಿ ಯಂತ್ರ ಇಲ್ಲ. ಒಂದು ಚಿಟಿಕೆ ಮೈದಾ ಒಳಗೆ ಎಸೆದು ಎಣಿಸಬೇಕು. ಹತ್ತು ಎಣಿಸುವುದರೊಳಗೆ ಕಪ್ಪಾದರೆ ಕೇಕು ಇಡಬಾರದು. ಮೂವತ್ತಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಇಡಬಹುದು. ಇಷ್ಟೇ ವಿದ್ಯೆ. ಇದನ್ನು ಕಲಿಯಲು ನನಗೆ ಐದು ವರ್ಷ ಹಿಡಿಯಿತು, ಎರಡು ಕೈಯ ರೋಮವೂ ಹೋಯಿತು.

ಕ್ರಿಸ್‌ಮಸ್ ವಾರ ನಮ್ಮಲ್ಲಿ ಒಂದು ಪದ್ಧತಿ ಇದೆ. ಊರಿನ ಕ್ರೈಸ್ತರ ಮನೆಗಳಲ್ಲಿ ಇರುವುದು ಸೌದೆ ಒಲೆ, ಇಲ್ಲ ಸೀಮೆಎಣ್ಣೆ ಸ್ಟೌವು. ಅದರಲ್ಲಿ ಕೇಕು ಬೇಯುವುದಿಲ್ಲ. ಆದ್ದರಿಂದ ಹಿಟ್ಟು ಅವರೇ ಕಲಸಿ, ಡಬ್ಬಕ್ಕೆ ಹಾಕಿ, ತಲೆ ಮೇಲೆ, ಸೈಕಲ್ ಮೇಲೆ ಹೊತ್ತು ನಮ್ಮಲ್ಲಿಗೆ ತರುತ್ತಾರೆ. ನಾವು ಬೇಯಿಸಿ ಕೊಡುತ್ತೇವೆ. ರೇಷನ್ ಸಕ್ಕರೆಯನ್ನು ಎರಡು ತಿಂಗಳಿಂದ ಉಳಿಸಿ ಮಾಡಿದ ಹಿಟ್ಟು ಅದು. ಒಬ್ಬರದು ಇನ್ನೊಬ್ಬರ ಮನೆಗೆ ಹೋದರೆ ಕೊಲೆಗಳೇ ಆಗುತ್ತವೆ.

ಹಾಗೆ ಆಗದಿರಲೆಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ದಾರಿ ಮಾಡಿದ್ದ. ಎಣ್ಣೆ ಡಬ್ಬದ ತಗಡನ್ನು ಬೆರಳುದ್ದ ತುಂಡು ಮಾಡುವುದು. ಪ್ರತಿ ತುಂಡನ್ನೂ ನಡುವೆ ಅಡ್ಡಾದಿಡ್ಡಿಯಾಗಿ ಎರಡು ಭಾಗ ಕತ್ತರಿಸುವುದು. ಅರ್ಧಕ್ಕೆ ತೂತು ಮಾಡಿ ತಂತಿಯಲ್ಲಿ ಡಬ್ಬಕ್ಕೆ ಕಟ್ಟುವುದು, ಇನ್ನರ್ಧ ಡಬ್ಬ ತಂದವರ ಕೈಗೆ. ವಾಪಸ್ ಬಂದಾಗ ಎರಡೂ ಅರ್ಧ ಸೇರಿಸಿ ನೋಡಬೇಕು. ಹಲ್ಲಿಗೆ ಹಲ್ಲು ಕೂತರೆ ಡಬ್ಬ ಅವರದು. ಒಂದರ ಅಂಚು ಇನ್ನೊಂದಕ್ಕೆ ಕೂರುವುದೇ ಇಲ್ಲ. ಓದು ಬರದವರಿಗೂ ಗೊತ್ತಾಗುತ್ತದೆ, ಬೆಂಕಿಗೂ ಏನೂ ಆಗುವುದಿಲ್ಲ. ಇದನ್ನು ನಾವು ಬಿಲ್ಲೆ ಅನ್ನುತ್ತಿದ್ದೆವು. ಮೇಸ್ತ್ರಿ ಶ್ರೀನಿವಾಸಪುರಕ್ಕೆ ಹೋಗಿ ಸ್ವಂತ ಅಂಗಡಿ ಇಟ್ಟ. ಬಿಲ್ಲೆಗಳ ಡಬ್ಬಿಯನ್ನು ನನಗೆ ಬಿಟ್ಟುಹೋದ.

ಡಿಸೆಂಬರ್ ಮೊದಲ ವಾರ ಯಜಮಾನರು ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡರು. ತೊಡೆಯ ತನಕ ಪಟ್ಟಿ. ಅಂಗಡಿ ನೋಡಿಕೊಳ್ಳಲು ಮುಳಬಾಗಿಲಿನಿಂದ ಅವರ ಬಾಮೈದ ಬಂದ. ನನಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವನು. ಜೇಬಲ್ಲಿ ಎರಡು ಪೆನ್ನು. ಬಂದ ದಿನವೇ, "ನನ್ನ ಅಣ್ಣ ಗಿಣ್ಣ ಅನ್ಬೇಡ, ಸಾರ್ ಅನ್ನು" ಅಂದ. ಸರಿ, ಸಾರ್ ಅಂದೆ. ನನಗೇನು ಹೋಗಬೇಕು?

ಇಪ್ಪತ್ತೊಂದನೇ ತಾರೀಖು ಬೆಳಗ್ಗೆ ಬಂದು ನೋಡಿದರೆ ಸರ್ವೆ ಸೌದೆ ಇರಬೇಕಾದ ಜಾಗದಲ್ಲಿ ನೀಲಗಿರಿ ಬಿದ್ದಿದೆ. ಅದೂ ಹಸಿ. ತೊಗಟೆ ಕಿತ್ತರೆ ನೀರು ಒಸರುತ್ತಿತ್ತು.

"ಏನ್ ಸಾರ್ ಇದು? ಇದ್ರಲ್ಲಿ ಭಟ್ಟಿ ಹೆಂಗ್ ಕಾಯ್ಸೋದು?" ಅಂದೆ.

"ಸೌದೆ ಸೌದೇನೇ ಕಣೋ. ಉರಿಯಲ್ವಾ?"

"ಉರಿಯಲ್ಲ, ಅಳ್ತದೆ."

"ಜಾಸ್ತಿ ಮಾತಾಡ್ಬೇಡ. ಉರ್ಸೋದು ನಿನ್ ಕೆಲ್ಸ."

ಉರಿಸಿದೆ. ಹೊಗೆ ತಿಂದು ಕಣ್ಣು ಬಾತುಕೊಂಡಿತು. ಹಸಿ ಸೌದೆಯ ದೊಡ್ಡ ತೊಂದರೆ ಹೊಗೆಯಲ್ಲ, ಕಾವು ಒಂದೇ ಸಮ ಬರುವುದಿಲ್ಲ. ಹಿಂದಿನ ಎಡ ಮೂಲೆ ಕಾದು ಕೆಂಪಾಗಿರುತ್ತದೆ, ಬಾಯಿಯ ಹತ್ತಿರ ಕೈ ಇಡಬಹುದು. ಇಪ್ಪತ್ತೆರಡನೇ ತಾರೀಖು ಬಂದ ಮೊದಲ ಆರು ಡಬ್ಬಗಳಲ್ಲಿ ಎರಡರ ನಡು ಹಸಿಯಾಗೇ ಉಳಿಯಿತು. ಒಬ್ಬ ಮೇಡಮ್ಮು ಕೇಕಿಗೆ ಕಡ್ಡಿ ಚುಚ್ಚಿ, ಹಿಟ್ಟು ಮೆತ್ತಿದ ಆ ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ತಂದು, "ಇದೇನಪ್ಪಾ, ಗೋಡೆಗೆ ಪೋಸ್ಟರ್ ಅಂಟ್ಸೋಕಾ?" ಅಂದರು. ಬಾಮೈದ ಗಲ್ಲಾದಲ್ಲಿ ಕೂತು ನನ್ನ ಕಡೆ ಕೈ ತೋರಿಸಿದ. ಅವನ ಸೌದೆಗೆ ಬೈಗುಳ ತಿಂದವನು ನಾನು. ಆ ಎರಡನ್ನೂ ಮತ್ತೆ ಒಳಗೆ ಹಾಕಿ, ಅರ್ಧ ಗಂಟೆಗೊಂದು ಸಲ ಜಾಗ ಬದಲಿಸಿ ಬೇಯಿಸಿ ಕೊಟ್ಟೆ.

ಆವತ್ತು ಆರೇ ಡಬ್ಬ, ಎಲ್ಲವೂ ಬೇರೆ ಬೇರೆ ಆಕಾರದವು. ಬಿಲ್ಲೆಯೇ ಬೇಕಾಗಲಿಲ್ಲ. ಇಪ್ಪತ್ತಮೂರಕ್ಕೆ ಬೇಕು ಅಂತ ಹುಡುಕಿದರೆ ಡಬ್ಬಿ ಗೋಡೆಯ ಗೂಡಿನಲ್ಲಿ ಇರಲಿಲ್ಲ.

"ಸಾರ್, ಇಲ್ಲಿ ಬಿಲ್ಲೆ ಡಬ್ಬಿ ಇತ್ತಲ್ಲ?"

"ಆ ತುಕ್ಕು ತಗಡಾ? ಗುಜರಿಯವನಿಗೆ ಹಾಕ್ದೆ."

ನಾನು ಖಾಲಿ ಗೂಡಿಗೆ ಕೈ ಹಾಕಿ ತಡಕಿದೆ. ಅವನೇ ಮುಂದುವರಿಸಿದ. "ಚರ್ಚಿನೋರೆಲ್ಲ ಓದ್ದೋರು ಕಣಯ್ಯಾ. ಡಾಕ್ಟ್ರು, ಟೀಚರ್ರು. ಅವರ ಕೈಗೆ ತಗಡ್ ಚೂರು ಕೊಡ್ತೀಯಾ, ಎಮ್ಮೆ ಕೊರಳಿಗೆ ಕಟ್ಟಿದಂಗೆ? ನೀಟಾಗಿ ಚೀಟಿ ಬರ್ದು ಡಬ್ಬಕ್ಕೆ ಅಂಟ್ಸೋದು. ಸಿಸ್ಟಮ್ಮು!" ಟೈಪ್ ಮಾಡಿದ ಹಾಗೆ ದುಂಡಗೆ ನಂಬರ್ ಬರೆದ ಚೀಟಿಗಳನ್ನು ಗಲ್ಲಾದ ಮೇಲೆ ಆಗಲೇ ಜೋಡಿಸಿಕೊಂಡಿದ್ದ. ಪಕ್ಕದಲ್ಲಿ ಒಂದು ಬಟ್ಟಲು ಮೈದಾ ಅಂಟು.

"ಸಾರ್, ಕಾಗ್ದ ಸುಟ್ಟೋಗ್ತದೆ."

"ಒಳಗೆ ಬೆಂಕಿ ಇರುತ್ತಾ? ನೀನೇ ಅಲ್ವಾ ಮೊನ್ನೆ ಹೇಳಿದ್ದು, ಬೆಂಕಿ ಇರಲ್ಲ, ಬರೀ ಕಾವು ಅಂತ?"

"ಕಾವಿಗೂ ಸುಡ್ತದೆ ಸಾರ್."

"ಏನ್ಲಾ, ನಾನ್ ಓದಿರೋದಾ ನೀನ್ ಓದಿರೋದಾ? ನಿನ್ ಕೆಲ್ಸ ನೀನ್ ನೋಡ್ಕೊ."

ಇಲ್ಲಿ ನನ್ನ ತಪ್ಪು. ಇನ್ನೊಂದು ಮಾತು ಹೇಳಬಹುದಿತ್ತು. ಒಂದು ಚೀಟಿ ಒಳಗೆ ಎಸೆದು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾಡಲಿಲ್ಲ. ಎರಡು ದಿನದ ಹೊಗೆ, ಬೈಗುಳ ಎಲ್ಲ ಗಂಟಲಲ್ಲೇ ಕೂತಿತ್ತು. ಸುಡಲಿ, ಇವನ ಕೊಬ್ಬು ಇಳಿಯಲಿ, ಜನ ಬಂದು ಇವನ ಕಾಲರ್ ಹಿಡಿಯಲಿ ಅಂದುಕೊಂಡೆ. ಬೇಕು ಬೇಕಂತಲೇ ಬಾಯಿ ಮುಚ್ಚಿಕೊಂಡೆ.

ಹತ್ತು ಗಂಟೆಗೆ ಡಬ್ಬಗಳು ಬರತೊಡಗಿದವು. ಬಿಸ್ಕೆಟ್ ಡಬ್ಬ, ಅಲ್ಯೂಮಿನಿಯಂ ತಟ್ಟೆ, ಒಬ್ಬರಂತೂ ಇಡ್ಲಿ ಪಾತ್ರೆಯಲ್ಲೇ ತಂದಿದ್ದರು. ಇವೆಲ್ಲ ಮುಖ ನೋಡಿದರೆ ಗೊತ್ತಾಗುವಂಥವು. ತೊಂದರೆ ಇದ್ದದ್ದು ಆಸ್ಪತ್ರೆ ಕಾಂಪೌಂಡಿನವರದು. ಅವರದೆಲ್ಲ ಹಾಲಿನ ಪುಡಿ ಡಬ್ಬ. ಆಸ್ಪತ್ರೆಗೆ ಬರುವ ದೊಡ್ಡ ಡಬ್ಬ ಖಾಲಿಯಾದರೆ ನರ್ಸು, ಕಾಂಪೌಂಡರು, ಡ್ರೈವರು ಎಲ್ಲರ ಮನೆಗೂ ಒಂದೊಂದು ಹೋಗುತ್ತದೆ. ಒಂಬತ್ತು ಡಬ್ಬ, ಒಂಬತ್ತೂ ಒಂದೇ ಅಳತೆ, ಒಂದೇ ಬಣ್ಣ.

ಅದರಲ್ಲಿ ಎರಡನ್ನು ತಂದದ್ದು ಒಬ್ಬಳೇ ಹೆಂಗಸು. ಆ ಆಸ್ಪತ್ರೆಯ ಡಾಕ್ಟರಮ್ಮನ ಮನೆ ಅಡುಗೆಯಾಕೆ. ಐವತ್ತರ ಹತ್ತಿರ ವಯಸ್ಸು, ಒಣಗಿದ ಮೈ, ಜೋರು ಬಾಯಿ. ಬಂದವಳೇ ತಲೆ ಮೇಲಿನ ಬುಟ್ಟಿ ಇಳಿಸಿ, "ಏನ್ ನಾಯ್ನಾ, ಈ ಸರ್ತಿ ಬಿಲ್ಲೆ ಇಲ್ವಾ?" ಅಂದಳು.

"ಚೀಟಿ ಅಂತೆ ಅಕ್ಕಯ್ಯಾ. ಅವ್ರನ್ನೇ ಕೇಳು."

ಬಾಮೈದ ಎರಡು ಚೀಟಿಗೆ ಹೆಸರು ಸೇರಿಸಿ ಅಂಟಿಸಿದ. ಅವಳು ಡಬ್ಬ ಮುಟ್ಟಿ ಮುಟ್ಟಿ ತೋರಿಸಿದಳು. "ಇದು ಡಾಕ್ಟ್ರಮ್ಮನ್ದು. ಇದು ನನ್ದು. ಅದಲ್ಬದ್ಲು ಮಾಡ್ಬುಟ್ಟೀಯ ಸ್ವಾಮಿ. ಡಾಕ್ಟ್ರಮ್ಮ ಮಧ್ಯಾಹ್ನ ಮಾಲೂರಿಗೆ ಹೋಗ್ತಾರೆ, ಅವ್ರ ತಾಯಿ ಮನೆಗೆ. ಜೀಪ್ ಡ್ರೈವರ್ ಬಂದು ಈಸ್ಕೊಂಡೋಗ್ತಾನೆ. ನನ್ದು ನಾನೇ ಸಾಯಂಕಾಲ ಬರ್ತೀನಿ."

ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ನನ್ದು ಅರ್ಧ ರಾಗಿ ಕಣೋ. ಬೆಲ್ಲ, ಕಡ್ಲೆಕಾಯ್ ಬೀಜ. ಮೈದಾ ಸಾಕಾಗ್ಲಿಲ್ಲ. ಬೇಯ್ತದಾ?" ಅಂತ ಕೇಳಿದಳು.

"ಬೇಯ್ದೆ ಏನ್ ಮಾಡ್ತದೆ? ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅಷ್ಟೇ."

ಹನ್ನೊಂದೂವರೆಗೆ ಮೂವತ್ತು ಚಿಲ್ಲರೆ ಡಬ್ಬ ಒಳಗಿಟ್ಟೆ. ಸಾಲು ಹಿಡಿದೇ ಇಟ್ಟೆ. ಆದರೆ ಹಸಿ ಸೌದೆಯ ಕಾವು ಸಾಲನ್ನು ಉಳಿಸುತ್ತದಾ? ಮುಕ್ಕಾಲು ಗಂಟೆಗೆ ಎಡ ಮೂಲೆಯವನ್ನು ಮುಂದಕ್ಕೆ, ಮುಂದಿನವನ್ನು ಒಳಕ್ಕೆ. ಆಮೇಲೆ ಮತ್ತೊಮ್ಮೆ. ಮೊದಲ ಸಲ ಬಾಯಿ ತೆಗೆದಾಗಲೇ ಚೀಟಿಗಳು ಕರಿ ಎಲೆಗಳಂತೆ ಸುರುಟಿ ನಿಂತಿದ್ದವು. ಎರಡನೇ ಸಲ ಅವೂ ಇರಲಿಲ್ಲ. ನನಗೆ ನಗು ಬಂತು. ಸತ್ಯವಾಗಿ ಹೇಳುತ್ತೇನೆ, ಭಟ್ಟಿಯ ಬಾಯಲ್ಲಿ ಬಗ್ಗಿ ನಿಂತು ನಾನು ನಕ್ಕೆ.

ಎರಡು ಗಂಟೆಗೆ ಎಲ್ಲ ಹೊರಗೆ ತೆಗೆದು ಹಲಗೆ ಮೇಲೆ ಜೋಡಿಸಿದೆ. ಬಾಮೈದ ಬಂದು ನೋಡಿದ. ಡಬ್ಬಗಳ ಮೇಲೆ ಚೀಟಿ ಇದ್ದ ಕಡೆ ಕಂದು ಕಲೆ ಮಾತ್ರ ಇತ್ತು.

"ಚೀಟಿ ಎಲ್ಲೋ?"

"ಭಟ್ಟೀನ ಕೇಳಿ ಸಾರ್."

ಅವನ ಮುಖ ಬಿಳಿಚಿಕೊಂಡಿತು. ನಾನು ಅಲ್ಲೇ ನಿಂತು ಒಂದೊಂದನ್ನೂ ಮೂಸಿ ಬೇರೆ ಮಾಡಬೇಕಿತ್ತು. ಒಂದರಲ್ಲಿ ಲವಂಗ, ಒಂದರಲ್ಲಿ ಕಿತ್ತಳೆ ಸಿಪ್ಪೆ, ಪ್ರತಿ ಮನೆಗೂ ಒಂದೊಂದು ವಾಸನೆ. ನಾನು ತಾಯಲೂರಿನವನು, ರಾಗಿ ತಿಂದು ಬೆಳೆದವನು. ರಾಗಿ ಬೆಂದ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ, ಒದ್ದಾಡಲಿ ಸ್ವಲ್ಪ ಹೊತ್ತು ಅಂತ ಹಿಂದಿನ ಅಂಗಳಕ್ಕೆ ಹೋಗಿ ಒಂದು ಬೀಡಿ ಹಚ್ಚಿದೆ. ಒಂದೇ ಒಂದು ಬೀಡಿ.

ಅಷ್ಟರಲ್ಲಿ ಆಸ್ಪತ್ರೆ ಜೀಪು ಬಂದು ಹೋಗಿತ್ತು.

ವಾಪಸ್ ಬಂದಾಗ ಹಾಲಿನ ಪುಡಿ ಡಬ್ಬ ಒಂಬತ್ತರ ಜಾಗದಲ್ಲಿ ಎಂಟಿತ್ತು. ಅಂಗಡಿ ಮುಂದೆ ಹೆಂಗಸರ ಗಲಾಟೆ ಶುರುವಾಗಿತ್ತು. "ನನ್ ಡಬ್ಬದ ಹಿಂದೆ ಸೊಟ್ಟ ಇತ್ತು." "ಸೊಟ್ಟ ಎಲ್ಲದ್ರಲ್ಲೂ ಇದೆ ಬಿಡೇ." "ನಾನ್ ಮೇಲೆ ಗೋಡಂಬಿ ಇಟ್ಟಿದ್ದೆ, ಯಾರ್ ತಿಂದ್ರು?" ಬೀಡಿ ಎಸೆದು ಮೂಸಲು ಕೂತೆ. ಒಬ್ಬೊಬ್ಬರನ್ನೇ ಕರೆದು, ಏನು ಹಾಕಿದ್ದಿರಿ ಅಂತ ಕೇಳಿ, ಮೂಸಿ, ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಸಿ ಕೊಟ್ಟೆ. ಹೆಂಗಸರಿಗೆ ತಮ್ಮ ಕೈರುಚಿ ಗೊತ್ತು. ಒಬ್ಬ ನರ್ಸಮ್ಮ ಬಾಯಿಗೆ ಹಾಕಿದವಳೇ ಉಗಿದು, "ಇದು ಕಾಂಪೌಂಡರ್ ಮನೇದು, ಅವ್ರು ಉಪ್ಪು ಕಾಣ್ದಂಗೆ ಹಾಕ್ತಾರೆ" ಅಂದಳು. ಅದು ನಿಜವೇ ಆಗಿತ್ತು.

ನಾಲ್ಕು ಗಂಟೆಗೆ ಎಲ್ಲ ಹೋಗಿ ಒಂದು ಹಾಲಿನ ಪುಡಿ ಡಬ್ಬ ಉಳಿಯಿತು. ಮೂಸಿದೆ. ದ್ರಾಕ್ಷಿ, ಜಾಯಿಕಾಯಿ, ತುಪ್ಪ. ರಾಗಿ ಇರಲಿಲ್ಲ. ಜೀಪಿನಲ್ಲಿ ಹೋದದ್ದು ರಾಗಿ ಕೇಕು.

ಅಡುಗೆಯಾಕೆ ಬಂದಳು. ಡಬ್ಬ ನೋಡಿದಳು, ಮೂಸಲೂ ಇಲ್ಲ. "ಇದು ಡಾಕ್ಟ್ರಮ್ಮನ್ದು. ನಾನೇ ಕಲ್ಸಿದ್ದು. ನನ್ದೆಲ್ಲಿ?"

ಬಾಮೈದ ಗಲ್ಲಾದ ಚಿಲ್ಲರೆ ಎಣಿಸತೊಡಗಿದ. ಅವಳೇ ತಿಳಿದುಕೊಂಡಳು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಬಾಮೈದ ಹಲ್ಲು ಬಿಟ್ಟ. "ಹೋಗ್ಲಿ ಬಿಡಮ್ಮ. ನಿನಗೆ ಒಳ್ಳೇ ಕೇಕೇ ಸಿಕ್ತಲ್ಲ. ಲಾಟ್ರಿ ಹೊಡ್ದಂಗಾಯ್ತು. ತಗೊಂಡೋಗು, ಯಾರಿಗೂ ಹೇಳ್ಬೇಡ."

"ಲಾಟ್ರಿಯಾ?" ಅವಳು ಎದ್ದು ನಿಂತಳು. "ಹೋದ ತಿಂಗ್ಳು ದ್ರಾಕ್ಷಿ ಕಮ್ಮಿ ಆಯ್ತು ಅಂತ ಆ ಮನೇಲಿ ಒಂದ್ ಮಾತಾಗೈತೆ. ಈಗ ಅಲ್ಲಿ ಡಬ್ಬ ತೆಗ್ದು ರಾಗಿ ನೋಡ್ತಾರೆ. ಏನಂತಾರೆ? ನಾನು ದ್ರಾಕ್ಷಿ ತುಪ್ಪ ನನ್ ಡಬ್ಬಕ್ಕೆ ಹಾಕ್ಕೊಂಡು ಅವ್ರಿಗೆ ರಾಗಿ ಕಳ್ಸ್ದೆ ಅಂತಾರೆ. ಹನ್ನೊಂದ್ ವರ್ಷ ಆಯ್ತು ಅಲ್ಲಿ. ನಾವಿರೋ ರೂಮು ಅವ್ರದು. ಕೆಲ್ಸ ಹೋದ್ರೆ ರೂಮೂ ಹೋಯ್ತು. ನನ್ ಗಂಡನ್ನ ಎಲ್ಲಿ ಮಲಗಿಸ್ಲಿ, ನಿನ್ ಗಲ್ಲಾ ಮೇಲಾ?"

ಅವಳ ಗಂಡನಿಗೆ ಎರಡು ವರ್ಷದಿಂದ ಕೈಕಾಲು ಬಿದ್ದುಹೋಗಿದೆ ಅಂತ ನನಗೆ ಆಮೇಲೆ ತಿಳಿಯಿತು.

ಬಾಮೈದ, "ಬಂದ್ಮೇಲೆ ಹೇಳಿದ್ರಾಯ್ತು ಬಿಡು. ಡ್ರೈವರ್‌ದೇ ತಪ್ಪು ಅಂತ ಹೇಳೋಣ" ಅಂದ.

ನಾನು ಯಜಮಾನರ ಮನೆಗೆ ಹೋದೆ. ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ಎಲ್ಲ ಹೇಳಿದೆ. ಚೀಟಿ ಸುಡುತ್ತೆ ಅಂತ ನನಗೆ ಗೊತ್ತಿತ್ತು ಅನ್ನುವುದೊಂದನ್ನು ಮಾತ್ರ ಬಿಟ್ಟೆ.

"ಆಗಿದ್ದಾಯ್ತು. ನಾಳೆ ಇಪ್ಪತ್ತನಾಲ್ಕು, ಭಟ್ಟಿ ನಿಲ್ಲಬಾರ್ದು" ಅಂದರು. "ವರ್ಷಕ್ಕೊಂದೇ ದಿನ ಕಣಪ್ಪ."

"ಬಿಲ್ಲೆ ಇಲ್ದೆ ಒಂದ್ ಡಬ್ಬಾನೂ ಒಳಗಿಡಲ್ಲ ಯಜಮಾನ್ರೇ. ಬೆಳಗ್ಗೆ ನಾನು ಮಾಲೂರಿಗೆ ಹೋಗ್ತೀನಿ. ಮಧ್ಯಾಹ್ನ ಬಂದು ಭಟ್ಟಿ ಹಿಡೀತೀನಿ. ಅಲ್ಲೀವರ್ಗೂ ಬಾಯಿ ಮುಚ್ಚಿರ್ಲಿ."

"ನಿಂಗ್ಯಾಕಲಾ ಊರ ಉಸಾಬರಿ? ಹೋದ್ರೆ ಹಂಗೇ ಹೋಗ್ಬೇಕಾಗ್ತದೆ ನೋಡು."

"ಹಂಗೇ ಹೋಗ್ತೀನಿ ಬಿಡಿ" ಅಂದು ಎದ್ದುಬಂದೆ. ಮಾತು ಬಾಯಿಂದ ಬಿದ್ದ ಮೇಲೆ ಭಯವಾಯಿತು. ಊರಲ್ಲಿ ಇರುವ ಒಂದೂವರೆ ಎಕರೆ ನಾಲ್ಕು ಜನ ಅಣ್ಣತಮ್ಮಂದಿರಿಗೆ.

ಅಂಗಡಿಗೆ ಬಂದು ಖಾಲಿ ಎಣ್ಣೆ ಡಬ್ಬ ಎರಡು, ತಗಡು ಕತ್ತರಿ ತಂದು ಬಾಮೈದನ ಮುಂದೆ ಇಟ್ಟೆ. "ಐವತ್ ಬಿಲ್ಲೆ ಬೇಕು. ನಡುವೆ ಅಡ್ಡಾದಿಡ್ಡಿ ಕತ್ರಿಸ್ಬೇಕು, ನೆಟ್ಟಗೆ ಬೇಡ. ನೆಟ್ಟಗಿದ್ರೆ ಎಲ್ಲಾ ಎಲ್ಲಕ್ಕೂ ಕೂರ್ತವೆ." ಸಾರ್ ಅನ್ನಲಿಲ್ಲ. ಅವನೂ ಕೇಳಲಿಲ್ಲ. ಹಿಟ್ಟು ನಾದುವವನಿಗೆ, ಹನ್ನೊಂದಕ್ಕೆ ಭಟ್ಟಿ ಹಚ್ಚು, ಸೌದೆ ಪಕ್ಕದ ಹೋಟೆಲಿನಿಂದ ಕಡ ತಾ, ಒಣಗಿದ್ದು ಮಾತ್ರ ತಾ, ನಾನು ಬರದೆ ಏನೂ ಒಳಗಿಡಬೇಡ ಅಂತ ಹೇಳಿದೆ.

ಇಪ್ಪತ್ತನಾಲ್ಕರ ಬೆಳಗ್ಗೆ ನರಸಾಪುರದ ಮೇಲೆ ಹೋಗುವ ಮಾಲೂರು ಬಸ್ಸು ಹಿಡಿದೆ. ಡಾಕ್ಟರಮ್ಮನ ಕೇಕನ್ನು ತೊಡೆ ಮೇಲೆ ಇಟ್ಟುಕೊಂಡಿದ್ದೆ. ಬಸ್ಸಿನ ತುಂಬ ಸೊಪ್ಪಿನ ಮೂಟೆ, ಕೋಳಿ. ಪಕ್ಕದಲ್ಲಿ ಕೂತಿದ್ದ ಅಜ್ಜ ಮೂಸಿ ಮೂಸಿ, "ಏನಪ್ಪಾ ಅದು? ಪರ್ಮಾತ್ಮನ್ ಪ್ರಸಾದ ಇದ್ದಂಗದೆ" ಅಂದ. "ಅಲ್ಲ ತಾತಾ, ನನ್ ತಲೆನೋವು" ಅಂದೆ.

ಮಾಲೂರಿನಲ್ಲಿ ಇಳಿದು ಡಾಕ್ಟರಮ್ಮನ ತಾಯಿಯ ಮನೆ ಕೇಳಿಕೊಂಡು ಹೋದೆ. ಹಳೇ ಹೆಂಚಿನ ಮನೆ. ಜಗುಲಿಯಲ್ಲಿ ಬಿದಿರುಕಡ್ಡಿಗೆ ಬಣ್ಣದ ಕಾಗದ ಸುತ್ತಿದ ನಕ್ಷತ್ರ ತೂಗುತ್ತಿತ್ತು. ಒಳಗೆ ಕಜ್ಜಾಯ ಕರಿಯುವ ವಾಸನೆ. ಡಾಕ್ಟರಮ್ಮ ಬಾಗಿಲಿಗೆ ಬಂದರು. ನನ್ನ ಕೈಯ ಡಬ್ಬ ನೋಡಿದರು.

"ಅವಳೇ ಕಳ್ಸಿದ್ಳಾ?"

"ಇಲ್ಲಮ್ಮ. ನಾನು ಬೇಕರಿ ಭಟ್ಟಿಯವ್ನು. ಡಬ್ಬ ಅದಲ್ಬದ್ಲಾಯ್ತು."

"ಅದಲುಬದಲು!" ಅವರು ನಕ್ಕರು, ಸಿಟ್ಟಿನ ನಗು. "ನಿನ್ನೆ ಸಾಯಂಕಾಲವೇ ತೆಗೆದು ನೋಡಿದೆ. ಕಾಲು ಸೇರು ದ್ರಾಕ್ಷಿ ಕೊಟ್ಟಿದ್ದೆ, ಒಂದು ದ್ರಾಕ್ಷಿ ಇಲ್ಲ ಅದರಲ್ಲಿ. ಹನ್ನೊಂದು ವರ್ಷ ಮನೆಯವಳ ಹಾಗೆ ಇಟ್ಕೊಂಡಿದ್ದೆ. ಈಗ ಹೆದರಿಕೆಯಾಗಿ ನಿನ್ನ ಕೈಲಿ ವಾಪಸ್ ಕಳಿಸಿದಾಳೆ, ಅಲ್ವಾ? ಎಷ್ಟು ಕೊಟ್ಟಳು ನಿನಗೆ?"

ನನಗೆ ಮೈ ಉರಿಯಿತು. ಡಬ್ಬವನ್ನು ಜಗುಲಿ ಮೇಲೆ ಕುಕ್ಕಿದೆ. "ಏನ್ ಕೊಡ್ತಾಳಮ್ಮ ಅವ್ಳು? ಮೈದಾ ಸಾಲ್ದೆ ರಾಗಿ ಹಾಕ್ದೋಳು ನನಗೇನ್ ಕೊಡ್ತಾಳೆ?"

"ಮತ್ತೆ ನೀನ್ಯಾಕೆ ಬಂದೆ ಇಷ್ಟು ದೂರ?"

ಆಗ ಹೇಳಲೇಬೇಕಾಯಿತು. ಬಿಲ್ಲೆಯ ಕಥೆ, ಚೀಟಿಯ ಕಥೆ. "ಚೀಟಿ ಸುಡ್ತದೆ ಅಂತ ನಂಗೆ ಗೊತ್ತಿತ್ತು. ಅವ್ನ್ ಮೇಲಿನ್ ಸಿಟ್ಟಿಗೆ ಸುಡ್ಲಿ ಅಂತಾನೇ ಒಳಗಿಟ್ಟೆ. ಜೀಪ್ ಬಂದಾಗ ಹಿಂದ್ಗಡೆ ಬೀಡಿ ಸೇದ್ತಿದ್ದೆ. ಮೂಸಿ ನೋಡಿದ್ರೆ ನಂಗೆ ಗೊತ್ತಾಗ್ತಿತ್ತು. ನೋಡ್ಲಿಲ್ಲ. ತಪ್ಪು ನನ್ದು. ಅವ್ಳು ಮಾತ್ರ ಡಬ್ಬ ಮುಟ್ಟಿ ಮುಟ್ಟಿ ಹೇಳೋಗಿದ್ಳು."

ಅವರು ಬಗ್ಗಿ ಡಬ್ಬದೊಳಗೆ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಒಳಗಿನಿಂದ ಅವರ ತಾಯಿ ಕೋಲೂರಿಕೊಂಡು ಬಂದರು, ಬಾಯಲ್ಲಿ ಹಲ್ಲಿಲ್ಲ, ತುಟಿಯ ಮೇಲೆ ಪುಡಿ ಅಂಟಿತ್ತು. "ಆ ರಾಗೀದು ವಾಪಸ್ ಕೇಳೋಕ್ ಬಂದವ್ನಾ? ಆಗೋಯ್ತು ಅಂತ ಹೇಳೇ. ಬೆಳಗ್ಗೆ ಕಾಫಿ ಜೊತೆ ತಿಂದ್ಬುಟ್ಟೆ. ಹಲ್ಲಿಗೆ ಸಿಗಾಕಲ್ಲ, ಚೆನ್ನಾಗಿತ್ತು" ಅಂದರು.

ಡಾಕ್ಟರಮ್ಮ ತಲೆ ತಗ್ಗಿಸಿದರು. "ಸರಿ, ಹೋಗು. ಅವಳಿಗೆ ಏನೂ ಮಾಡಲ್ಲ ಅಂತ ಹೇಳು."

"ನನ್ ಮಾತು ಬೇಡಮ್ಮ. ನೀವೇ ಒಂದ್ ಚೀಟಿ ಬರ್ಕೊಡಿ."

ಬರೆದುಕೊಟ್ಟರು. ಮಡಿಸಿ ಜೇಬಿಗೆ ಹಾಕಿಕೊಂಡೆ. ಬಸ್ಸು ನರಸಾಪುರ ದಾಟುವ ತನಕ ಅದನ್ನು ಬಿಚ್ಚಲಿಲ್ಲ. ದಾಟಿದ ಮೇಲೆ ಬಿಚ್ಚಿ ಓದಿ, ಮತ್ತೆ ಮಡಿಸಿಟ್ಟೆ.

ಮಧ್ಯಾಹ್ನ ಒಂದಕ್ಕೆ ಕೋಲಾರ ಸೇರಿದೆ. ಓಣಿಯ ತುಂಬ ಹೆಂಗಸರು, ಡಬ್ಬಗಳು, ಬೈಗುಳ. "ಹಿಟ್ಟು ಹುಳಿ ಬರೋತನ್ಕ ಕಾಯ್ಬೇಕೇನೋ?" "ಸಾಹೇಬ್ರು ಟೂರ್ ಹೋಗಿದ್ರಂತೆ." ಬಾಮೈದ ಗಲ್ಲಾದಲ್ಲಿ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿಕೊಂಡು ಕೂತಿದ್ದ. ಮುಂದೆ ಬಿಲ್ಲೆಗಳ ರಾಶಿ. ಒಂದೆರಡು ಎತ್ತಿ ನೋಡಿದೆ. ಚೆನ್ನಾಗೇ ಕತ್ತರಿಸಿದ್ದ. ಹೇಳಲಿಲ್ಲ.

ಮೈದಾ ಎಸೆದೆ. ಇಪ್ಪತ್ತೆಂಟಕ್ಕೆ ಕಂದು ಬಂತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಒಳಗಿಟ್ಟೆ. ಒಣ ಸೌದೆಯ ಕಾವು, ನಾಲ್ಕೂ ಮೂಲೆ ಒಂದೇ ಸಮ. ಎರಡು ಸರದಿ. ಹಿಟ್ಟು ಬಹಳ ಹೊತ್ತು ಕಾದದ್ದರಿಂದ ಮೂರು ಕೇಕು ನಡುವೆ ಕುಸಿದವು. ಅದಕ್ಕೆ ಬೈಗುಳ ತಿಂದೆ, ಅದು ನ್ಯಾಯವೇ. ಬಿಲ್ಲೆ ಮಾತ್ರ ಒಂದೂ ತಪ್ಪಲಿಲ್ಲ. ಐದು ಗಂಟೆಗೆ ಓಣಿ ಖಾಲಿ. ದೂರದಲ್ಲಿ ಚರ್ಚಿನವರು ಹಾಡು ಅಭ್ಯಾಸ ಮಾಡುವುದು ಕೇಳುತ್ತಿತ್ತು. ಯಜಮಾನರಿಂದ ಏನೂ ಸುದ್ದಿ ಇರಲಿಲ್ಲ. ಕೆಲಸ ಇದೆಯೋ ಹೋಯಿತೋ ಗೊತ್ತಿರಲಿಲ್ಲ.

ಅಡುಗೆಯಾಕೆ ಬಂದಳು. ಕೈಯಲ್ಲಿ ಅದೇ ಥರದ ಹಾಲಿನ ಪುಡಿ ಡಬ್ಬ, ಅರ್ಧಕ್ಕಿಂತ ಕಮ್ಮಿ ಹಿಟ್ಟು. "ರಾಗಿ ಒಂದೇ ಉಳ್ದಿತ್ತು" ಅಂದಳು. "ಹೋದ್ಯಂತೆ ಮಾಲೂರಿಗೆ. ಏನಂದ್ರು?"

ಚೀಟಿ ಕೊಟ್ಟೆ. "ನಂಗ್ ಓದಕ್ ಬರ್ತದಾ? ನೀನೇ ಓದು."

ನಾನು ಅಕ್ಷರ ಕೂಡಿಸಿ ಓದುವವನು. ಅಲ್ಲೇ ಬಾಗಿಲ ಬೆಳಕಿಗೆ ಹಿಡಿದು ಓದಿದೆ. ಮೊದಲೆರಡು ಸಾಲು ಸುಲಭವಾಗಿದ್ದವು. ನಿನ್ನ ತಪ್ಪಿಲ್ಲ ಅಂತ ತಿಳಿಯಿತು. ಕೆಲಸಕ್ಕೆ ಎಂದಿನಂತೆ ಬಾ. ಆಮೇಲೆ ಇನ್ನೊಂದು ಸಾಲಿತ್ತು. ಬಿಟ್ಟುಬಿಡಬಹುದಿತ್ತು. ಅವಳಿಗೆ ಹೇಗೆ ಗೊತ್ತಾಗಬೇಕು? ಆದರೂ ಇದ್ದದ್ದನ್ನು ಇದ್ದ ಹಾಗೇ ಓದಿಬಿಟ್ಟೆ. "ಚೀಟಿ ಸುಡುವುದು ತನಗೆ ಮೊದಲೇ ಗೊತ್ತಿತ್ತು ಎಂದು ಭಟ್ಟಿಯವನೇ ಒಪ್ಪಿಕೊಂಡಿದ್ದಾನೆ."

ಅವಳು ಡಬ್ಬವನ್ನು ಕಂಕುಳಿಗೆ ಏರಿಸಿಕೊಂಡಳು.

"ಗೊತ್ತಿತ್ತಾ ನಿಂಗೆ?"

"ಹೂಂ."

"ಗೊತ್ತಿದ್ದೂ ನನ್ ಡಬ್ಬ ಒಳಗಿಟ್ಯಾ?"

"ಹೂಂ ಅಕ್ಕಯ್ಯಾ."

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ರವಿಕೆಯೊಳಗೆ ಇಟ್ಟಳು. ಡಬ್ಬವನ್ನು ಹಲಗೆ ಮೇಲೆ ಇಟ್ಟಳು. ಆಮೇಲೆ ಕೈ ಚಾಚಿದಳು.

"ಬಿಲ್ಲೆ ಕೊಡು."

"ಅಕ್ಕಯ್ಯಾ, ಒಳಗೆ ಬೇರೆ ಡಬ್ಬಾನೇ ಇಲ್ಲ. ನಿನ್ದೊಂದೇ."

"ಕೊಡು ಅಂದೆ."

ರಾಶಿಯಲ್ಲಿ ಉಳಿದಿದ್ದ ಒಂದನ್ನು ತೆಗೆದು ಅರ್ಧ ಡಬ್ಬಕ್ಕೆ ಕಟ್ಟಿದೆ, ಅರ್ಧ ಅವಳ ಕೈಗೆ ಇಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇಳಿದ ಕಾವು, ರಾಗಿ ಬೇರೆ, ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಮೆಟ್ಟಿಲ ಮೇಲೆ, ನಾನು ಭಟ್ಟಿಯ ಮುಂದೆ. ಬೀಡಿ ಸೇದಲು ನಾನು ಏಳಲಿಲ್ಲ.

ಹೊರಗೆ ತೆಗೆದಾಗ ಎದ್ದು ಬಂದಳು. ಗಂಟು ಬಿಚ್ಚಿ, ಬಿಲ್ಲೆಯ ಅರ್ಧವನ್ನು ಡಬ್ಬದ ಮೇಲಿದ್ದ ಅರ್ಧಕ್ಕೆ ಹಿಡಿದು, ಬಿಸಿ ತಗಡು ಬೆರಳು ಸುಡುತ್ತಿದ್ದರೂ ಬಿಡದೆ, ಹಲ್ಲಿಗೆ ಹಲ್ಲು ಕೂರುತ್ತದೋ ಇಲ್ಲವೋ ನೋಡಿದಳು. ಕೂತಿತು. ಆಮೇಲೆಯೇ ಡಬ್ಬ ಎತ್ತಿಕೊಂಡಳು.